ಅರ್ಧ ಡಬ್ಬಿ ಎಣ್ಣೆ

ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಎಂಜಿನ್ ಮತ್ತೆ ಮುಗ್ಗರಿಸಿ ಆರಿಹೋಯಿತು. ಮಗಳು ಸ್ಟೀರಿಂಗಿಗೆ ಹಣೆ ಆನಿಸಿ ಕೂತಳು. ಅಂಗಳದ ಹಗ್ಗಕ್ಕೆ ಬಟ್ಟೆ ಹಾಕುತ್ತಿದ್ದ ತಾಯಿ ಎಣಿಸಿದಳು, ಬೆಳಗಿನಿಂದ ಇದು ಒಂಬತ್ತನೆಯ ಸಲ.

ಮೂರು ಗಂಟೆಗೆ ರೇಸ್ ತಂಡದವರು ಟ್ರ್ಯಾಕಿನಲ್ಲಿ ಕಾಯುತ್ತಿರುತ್ತಾರೆ. ತಾನೇ ಕಟ್ಟಿದ ಈ ಕಾರನ್ನು ಓಡಿಸಿ ತೋರಿಸಿದರೆ ಮಗಳಿಗೆ ತಂಡದಲ್ಲೊಂದು ಜಾಗ. ತಿರುವಿನಲ್ಲಿ ಹೀಗೆ ಕೈಕೊಟ್ಟರೆ ಆ ಜಾಗ ಇನ್ನೊಬ್ಬರ ಪಾಲು. ಈಗ ಒಂದೂವರೆ.

ದೊಡ್ಡ ಎಂಜಿನ್ನಿಗೆ ದೊಡ್ಡ ಉಸಿರು ಬೇಕೆಂದು ಕಾರಿನ ಜೊತೆ ಬಂದ ಸೆನ್ಸರನ್ನು ಕಿತ್ತು ಮಗಳು ಬೇರೆ ಕಂಪನಿಯ ದೊಡ್ಡದೊಂದನ್ನು ಕೂರಿಸಿದ್ದಳು. ಒಳಗೆ ಹೋಗುವ ಗಾಳಿಯನ್ನು ಅಳೆಯುವುದು ಅದರ ಕೆಲಸ. ಅಳತೆ ತಪ್ಪಿದರೆ ಪೆಟ್ರೋಲೂ ಹದ ತಪ್ಪುತ್ತದೆ. ಅದರ ವೈರುಗಳನ್ನು ಜೋಡಿಸಿದವನು ಮಗಳ ಗೆಳೆಯ, ಗ್ಯಾರೇಜಿನಲ್ಲಿ ಎಲ್ಲರೂ ಅವನನ್ನು ಕರೆಯುವುದೇ 'ವೈರು' ಎಂದು. ಮೀಟರ್ ಹಿಡಿದು ಮೂರನೆಯ ಸಲ ನೋಡಿದವನು ವೈರುಗಳೆಲ್ಲ ಸರಿಯಿವೆ ಎಂದ.

"ಸರಿಯಿದ್ರೆ ಯಾಕೆ ಆಫ್ ಆಗುತ್ತೆ?" ಎಂದಳು ಮಗಳು. "ಭಾನುವಾರ ಚೆನ್ನಾಗೇ ಇತ್ತು. ಆಮೇಲೆ ಕೈ ಹಾಕಿದ್ದು ನೀನೊಬ್ಬನೇ."

"ನಾನು ಬರೀ ಟೇಪ್ ಸುತ್ತಿದ್ದು ಕಣೇ."

"ಅದನ್ನೇ ಸ್ವಲ್ಪ ಬಾಯಿಗೂ ಸುತ್ಕೋ."

ವೈರು ಸಲಕರಣೆಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದ.

ಮಗಳು ಎರಡು ಸ್ಕ್ರೂ ಬಿಚ್ಚಿ ಸೆನ್ಸರನ್ನು ಹೊರಗೆಳೆದಳು. ಅದರೊಳಗೆ ಕೂದಲಿಗಿಂತ ತೆಳುವಾದ ತಂತಿ. ಬಿಳಿ ಕಾಗದದ ಅಂಚನ್ನು ಮೆಲ್ಲಗೆ ತಾಗಿಸಿದಾಗ ಅಲ್ಲಿ ಜಿಡ್ಡಿನ ಕಲೆ ಮೂಡಿತು.

"ಎಣ್ಣೆ," ಎಂದಳು. "ಇಲ್ಲಿಗೆ ಎಣ್ಣೆ ಎಲ್ಲಿಂದ ಬಂತು?"

ತಾಯಿಯ ಕೈಯಲ್ಲಿದ್ದ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸೋಮವಾರ ಮಗಳು ಕೆಲಸಕ್ಕೆ ಹೋದಾಗ, ಸೆನ್ಸರಿಗೆ ಹೋಗುವ ಗಾಳಿಯನ್ನು ಸೋಸುವ ಏರ್ ಫಿಲ್ಟರಿಗೆ ಧೂಳು ಮೆತ್ತಿದ್ದು ಕಂಡು ತಾಯಿ ಅದನ್ನು ಬಿಚ್ಚಿ ತೊಳೆದು ಒಣಗಿಸಿದ್ದಳು. ತೆಳುವಾಗಿ ಹಚ್ಚಿ ಎಂದು, ಧೂಳು ಹಿಡಿಯಲು ಫಿಲ್ಟರಿಗೆ ಹಚ್ಚುವ ಎಣ್ಣೆಯ ಡಬ್ಬಿಯ ಮೇಲೆ ಬರೆದಿತ್ತು. ಆದರೆ ಅವಳ ಕೈಯೇ ಧಾರಾಳ; ಕೂಸಿಗೆ ತಿಕ್ಕುವ ಹಾಗೆ ಮಡಿಕೆ ಮಡಿಕೆಗೂ ತಿಕ್ಕಿದ್ದಳು. ಕಾರೊಂದನ್ನು ಬಿಟ್ಟು ಏನಾದ್ರೂ ಮುಟ್ಟಮ್ಮ ಎಂದು ಮಗಳು ಎಷ್ಟು ಸಲ ಹೇಳಿದ್ದಳು.

ವೈರು ಚೀಲ ಹೆಗಲಿಗೇರಿಸಿ ಗೇಟಿನ ಚಿಲಕಕ್ಕೆ ಕೈ ಹಾಕಿದ.

"ನಿಂತ್ಕೊಳ್ಳಪ್ಪ," ಎಂದಳು ತಾಯಿ. "ತಪ್ಪು ಇವನದಲ್ಲ ಕಣೇ. ಫಿಲ್ಟರಿಗೆ ಎಣ್ಣೆ ಹಚ್ಚಿದ್ದು ನಾನು."

ಮಗಳು ತಾಯಿಯತ್ತ ತಿರುಗಿದಳು. "ಎಷ್ಟು?"

"ಅರ್ಧ ಡಬ್ಬಿ."

"ಇನ್ನರ್ಧ ಯಾಕೆ ಉಳಿಸಿದ್ರಿ ಆಂಟಿ?" ಎಂದ ವೈರು. ಯಾರೂ ನಗಲಿಲ್ಲ. ಆದರೆ ಅವನು ಚೀಲ ಕೆಳಗಿಟ್ಟ.

ಮಗಳು ಫಿಲ್ಟರ್ ಬಿಚ್ಚಿ, ಮುಖ ನೋಡದೆ, ತಾಯಿಯತ್ತ ಚಾಚಿದಳು. "ಹಿಂಡ್ಬೇಡ. ಬರೀ ಒತ್ತು."

ತಾಯಿ ಒಣಗಿದ ಟವೆಲ್ಲುಗಳನ್ನು ಹಗ್ಗದಿಂದ ಎಳೆದುಕೊಂಡು ಒತ್ತಿದಳು. ಮೂರು ಟವೆಲ್ಲಾಯಿತು, ಆಮೇಲೆ ಬಿಳಿಯ ಹೊದಿಕೆ. ಅಷ್ಟರಲ್ಲಿ ಮಗಳು ತಂತಿಗೆ ಜಿಡ್ಡು ತೆಗೆಯುವ ಸ್ಪ್ರೇ ಹೊಡೆದು, ಅದು ಆರುವವರೆಗೂ ಉಗುರು ಕಚ್ಚುತ್ತ ಕಾದಳು. ವೈರು ಎಲ್ಲವನ್ನೂ ಮತ್ತೆ ಕೂರಿಸಿದ.

ಎರಡೂಕಾಲು ಗಂಟೆಗೆ ಎಂಜಿನ್ ಹತ್ತಿತು. ಮಗಳು ಆಕ್ಸಿಲರೇಟರಿನಿಂದ ಕಾಲು ತೆಗೆದಳು. ಎಂಜಿನ್ ವೇಗದ ಮುಳ್ಳು ಜಾರಿತು, ನಡುಗಿತು, ಅಲ್ಲೇ ನಿಂತಿತು; ಎಂಜಿನ್ ಆರಲಿಲ್ಲ.

"ಬೇಗ ಹತ್ತೋ," ಎಂದಳು ವೈರುವಿಗೆ. ಅವನು ಪಕ್ಕದ ಸೀಟಿಗೆ ಹಾರಿದ.

ಬೀದಿಯ ಕೊನೆಯಲ್ಲಿ ಒಂದು ತಿರುವಿದೆ. ಜಿಡ್ಡಾದ ಹೊದಿಕೆಯನ್ನು ಎದೆಗವಚಿಕೊಂಡು ತಾಯಿ ಗೇಟಿನಲ್ಲಿ ಕಿವಿಯಾಗಿ ನಿಂತಳು. ಕಾರು ಅಲ್ಲಿಗೆ ತಲುಪಿದಾಗ ಎಂಜಿನ್ನಿನ ಶಬ್ದ ಇಳಿಯಿತು, ಇನ್ನೂ ಇಳಿಯಿತು. ಆಮೇಲೆ, ಮನೆಗಳ ಆಚೆಯಿಂದ, ಮತ್ತೆ ಏರಿತು.