ಬೋರಲು ಮಲಗಿದ ಎರಡು ಚೀಟಿ

ಆ ಹೆಂಗಸಿನ ನಂಬರ್ ಚೀಟಿಗೆ ಮೂರೇ ಪಿನ್ನು, ಕೆಳಗಿನ ಎಡಮೂಲೆ ಬಿಚ್ಚಿಕೊಂಡು ಹೊಟ್ಟೆಯ ಮೇಲೆ ಪಟಪಟ ಬಡಿದುಕೊಳ್ಳುತ್ತಿದೆ, ನಾಲ್ಕನೆಯ ಪಿನ್ನು ಯಾವ ತಿರುವಿನಲ್ಲಿ ಬಿತ್ತೋ, ಚೀಟಿ ಮಗುಚಿದಾಗಲೆಲ್ಲ ಹಿಂಬದಿ ಕಾಣುತ್ತದೆ, ಬರೀ ಬಿಳಿ, ಒಂದಕ್ಷರ ಇಲ್ಲ — ಈ ತಾಯಿ ದಾರಿಯಲ್ಲಿ ಕುಸಿದರೆ ಯಾರಿಗೆ ಫೋನು ಮಾಡುವುದು, ಯಾವ ಗುಂಪಿನ ರಕ್ತ, ಯಾವ ಮಾತ್ರೆ ಆಗಿಬರುವುದಿಲ್ಲ, ಒಂದೂ ಬರೆದುಕೊಳ್ಳದೆ ಇಪ್ಪತ್ತೊಂದು ಕಿಲೋಮೀಟರ್ ಓಡಿ ಬಂದಿದ್ದಾಳಲ್ಲ, ಎಂದು ಮುಕ್ತಾಯದ ಗೆರೆಯ ಪಕ್ಕ ಕಬ್ಬಿಣದ ಬೇಲಿಗೆ ಆತು ನಿಂತವಳು ಅಂದುಕೊಂಡಳು, ಹಾಗೆ ಅಂದುಕೊಳ್ಳುವುದು ಅವಳ ಕಸುಬಿನ ಚಟ, ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಔಷಧದ ಕಿಟಕಿಯ ಹಿಂದೆ ಕೂತು ಸೀಸೆಗೊಂದು ಪೊಟ್ಟಣಕ್ಕೊಂದು ಚೀಟಿ ಬರೆದು ಅಂಟಿಸಿದವಳಿಗೆ ಖಾಲಿ ಚೀಟಿ ಕಂಡರೆ ಕೈ ತುರಿಸುತ್ತದೆ. ಡಾಕ್ಟರ್ ಬರೆದಿದ್ದು ಡಾಕ್ಟರಿಗೇ ಅರ್ಥ, ನೀವು ಬರೆದಿದ್ದು ನಮ್ಮಜ್ಜಿಗೂ ಅರ್ಥ ಎಂದು ಯಾರೋ ಒಬ್ಬ ಕೆಮ್ಮಿನ ರೋಗಿ ಹೇಳಿದ್ದನ್ನು ಅವಳು ಇವತ್ತಿಗೂ ಮರೆತಿಲ್ಲ, ಅಷ್ಟು ಗುಂಡಗಿನ ಅಕ್ಷರ. ನಿನ್ನೆ ಸಂಜೆ ಗಂಡನ ಚೀಟಿಗೂ ಅವನ ಜೊತೆ ಓಡುವ ಬ್ರೇಕ್ ಮೇಷ್ಟ್ರ ಚೀಟಿಗೂ ಅವಳೇ ಬರೆದದ್ದು, ಊಟದ ಮೇಜಿನ ಮೇಲೆ ಎರಡನ್ನೂ ಬೋರಲು ಮಲಗಿಸಿಕೊಂಡು, ಬೆವರಿಗೆ ಕರಗದ ಕಪ್ಪು ಪೆನ್ನಿನಲ್ಲಿ, ಎಡಗಡೆಯದು ಗಂಡನದು, ಬಲಗಡೆಯದು ಮೇಷ್ಟ್ರದು, ಇನ್ನೇನು ಶುರು ಮಾಡಬೇಕು ಅನ್ನುವಷ್ಟರಲ್ಲಿ ಸೆಕೆ ಅಂತ ಮಗಳು ಬಂದು ಫ್ಯಾನ್ ಹಾಕಿದಳು, ಎರಡೂ ಹಾರಿ ಕುರ್ಚಿಯ ಕೆಳಗೆ ಹೋದವು, ಎತ್ತಿ ತಂದು ಮತ್ತೆ ಬೋರಲು ಮಲಗಿಸಿ ಒಂದೊಂದರ ಮೇಲೆ ಒಂದೊಂದು ಚಮಚ ಇಟ್ಟು ಬರೆದಳು, ನಮ್ಮಮ್ಮ ಅಪ್ಪನಿಗೂ ಲೇಬಲ್ ಅಂಟಿಸಿದ್ಲು ಎಂದು ಮಗಳು ನಕ್ಕಳು, ನಕ್ಕರೆ ನಗಲಿ.

ಗಂಡ ಲಿಫ್ಟ್ ರಿಪೇರಿಯವನು, ಊರಿನ ಜನಕ್ಕೆ ಮೆಟ್ಟಿಲು ಹತ್ತುವ ಕಷ್ಟ ತಪ್ಪಿಸುವುದೇ ಅವನ ಹೊಟ್ಟೆಪಾಡು, ಅಂಥವನು ಐವತ್ತೊಂದನೇ ವಯಸ್ಸಿನಲ್ಲಿ ಒಂಬತ್ತನೇ ಮಹಡಿಯ ಲಿಫ್ಟಿನ ತಲೆಯ ಮೇಲೆ ಕೂತಿದ್ದಾಗ ಎದೆ ಹಿಡಿದುಕೊಂಡ, ಲಿಫ್ಟು ಕೆಟ್ಟಿತ್ತು, ಒಂಬತ್ತು ಮಹಡಿ ಅವನನ್ನು ಹೊತ್ತು ಇಳಿಸಿದರು, ಹೃದಯದ ನಾಳದಲ್ಲಿ ಬಾಲ್‌ಪೆನ್ನಿನ ಸ್ಪ್ರಿಂಗಿನಂಥ ಸ್ಟೆಂಟ್ ಕೂರಿಸಿದರು, ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟರು, ನಡೀರಿ ಅಂದರು, ನಡೆದ, ನಡೆದವನು ಓಡತೊಡಗಿದ. ಓಡುವ ಗಂಡ ಒಳ್ಳೆಯ ಗಂಡ, ಅದನ್ನು ಅವಳು ಒಪ್ಪುತ್ತಾಳೆ, ರೇಗುವುದು ಬಿಟ್ಟ, ಗೊರಕೆ ಬಿಟ್ಟ, ತಟ್ಟೆಯಲ್ಲಿ ಉಪ್ಪು ಕೇಳುವುದು ಬಿಟ್ಟ, ಆದರೆ ಪಾರ್ಕಿನಲ್ಲಿ ಹತ್ತು ಜನರ ನಡುವೆ ಓಡುವುದು ಬೇರೆ, ಹನ್ನೆರಡು ಸಾವಿರ ಜನರ ನಡುವೆ ಓಡುವುದು ಬೇರೆ. ಹೋದ ವರ್ಷ ಶುರುವಿನ ಗೆರೆಯಲ್ಲೇ ನೂಕುನುಗ್ಗಲಾಗಿ ಮುಂದಿನವನೊಬ್ಬ ಬಿದ್ದ, ಹಿಂದಿನವರಿಗೆ ನಿಲ್ಲಲು ಜಾಗ ಇರಲಿಲ್ಲ, ಗಂಡನ ಮೊಣಕೈಯ ಚರ್ಮ ಕಿತ್ತು ಬಂತು, ತೆಳು ರಕ್ತ, ಅಂಗಿಯ ತೋಳೆಲ್ಲ ನೆನೆದರೂ ನಿಲ್ಲಲಿಲ್ಲ, ಮನೆಗೆ ಬಂದು ಏನಿಲ್ಲ ಸುಮ್ನಿರೇ ಅಂದ. ಮಗಳು ಆವತ್ತು ಸುಮ್ಮನಿರಲಿಲ್ಲ, ಅಪ್ಪಾ ನಿಂಗೆ ಮೆಡಲ್ ಬೇಕಾ ನಾನು ಬೇಕಾ ಎಂದು ಕೇಳಿ ಬಾಗಿಲು ಹಾಕಿಕೊಂಡಳು. ಕೊನೆಗೆ ಡಾಕ್ಟರ ಮುಂದೆ ರಾಜಿಯಾಯಿತು, ಕೈಗಡಿಯಾರ ಬೀಪ್ ಅಂದರೆ ನಡೆಯಬೇಕು, ಕೊನೆಯ ನೂರು ಮೀಟರ್ ಹುರುಪಿಗೆ ಬಿದ್ದು ಓಡಬಾರದು, ಒಂಟಿಯಾಗಿ ಹೋಗಬಾರದು. ಜೊತೆಗೆ ಬ್ರೇಕ್ ಮೇಷ್ಟ್ರು. ಮೇಷ್ಟ್ರು ಕಾರು ಕಲಿಸುವ ಶಾಲೆಯವರು, ಹೊಸಬರ ಪಕ್ಕದ ಸೀಟಿನಲ್ಲಿ ಕೂತು ಮೂವತ್ತು ವರ್ಷ ಬ್ರೇಕ್ ಒತ್ತಿ ಒತ್ತಿ ಬಲಗಾಲಿಗೆ ಅದೇ ಅಭ್ಯಾಸ, ಓಡುವಾಗಲೂ ನಿಧಾನ, ನಿಧಾನ ಅನ್ನುತ್ತಾರೆ, ಅವರ ಪಕ್ಕದಲ್ಲಿದ್ದರೆ ಗಂಡನ ಹೃದಯಕ್ಕೆ ಧಾವಂತವಿಲ್ಲ. ಮೇಷ್ಟ್ರಿಗೆ ಇನ್ಸುಲಿನ್ ಚುಚ್ಚಿಕೊಳ್ಳುವ ಸಕ್ಕರೆ ಕಾಯಿಲೆ, ಇವನಿಗೆ ಹೃದಯ, ಇಬ್ಬರನ್ನು ಸೇರಿಸಿದರೆ ಒಂದು ಪೂರ್ತಿ ಆಸ್ಪತ್ರೆ, ಎಂದು ಬೆಳಿಗ್ಗೆ ಇಬ್ಬರ ಎದೆಗೂ ನಾಲ್ಕು ನಾಲ್ಕು ಪಿನ್ನು ಚುಚ್ಚುತ್ತ ಅವಳೇ ಹಾಸ್ಯ ಮಾಡಿದ್ದಳು.

ಎಂಟೂವರೆ, ಈಗ ಬರಬೇಕು, ಎರಡು ಗಂಟೆ ನಲವತ್ತು ನಿಮಿಷ ಅಂದಿದ್ದ, ಹಳದಿ ಅಂಗಿ, ನೀಲಿ ಬೂಟು, ಎಲ್ಲರದೂ ಹಳದಿ ಅಂಗಿಯೇ, ಯಾರಿಗೋ ಕೈ ಬೀಸಿದಳು, ಅವನಲ್ಲ, ಆ ಅಪರಿಚಿತ ಪಾಪ ತಿರುಗಿ ಕೈ ಬೀಸಿದ, ಕೈಚೀಲದಲ್ಲಿ ಫೋನು ನಡುಗುತ್ತಿದೆ, ಮಗಳೇ ಇರಬೇಕು, ಅಪ್ಪ ಬಂದ್ನಾ ಎಂದು ಹತ್ತನೇ ಸಲ, ಇಲ್ಲ, ಗೊತ್ತಿಲ್ಲದ ನಂಬರು. ಮೇಡಂ, ಮೆಡಿಕಲ್ ಟೆಂಟಿಂದ ಸಿಸ್ಟರ್ ಮಾತಾಡ್ತಿರೋದು, ನಿಮ್ಮನೆಯವ್ರು ಓಡ್ತಾ ಬಿದ್ಬಿಟ್ರು, ಚೀಟಿ ಹಿಂದೆ ಈ ನಂಬರ್ ಇತ್ತು, ಸ್ಟೆಂಟ್ ಆಗಿದೆ ಅಂತ ಬರೆದಿದೆ ಅಲ್ವಾ, ಮಾತಾಡ್ತಿಲ್ಲ ಅವ್ರು, ಮೈದಾನದ ಆ ಕಡೆ ಬನ್ನಿ, ನೀರಿನ ಟ್ಯಾಂಕರ್ ಪಕ್ಕ. ಹೌದು ಅಂದಳೋ ಇಲ್ಲವೋ, ಬೇಲಿಯ ಕಬ್ಬಿಣ ಹಿಡಿದಿದ್ದ ಕೈ ಬಿಡಿಸಿಕೊಳ್ಳಲು ಬರಲೇ ಇಲ್ಲ, ಅದನ್ನು ಇನ್ನೊಂದು ಕೈಯಲ್ಲಿ ಬಿಡಿಸಬೇಕಾಯಿತು.

ಓಡಬೇಕು, ಅವಳು ಯಾವತ್ತೂ ಓಡಿದವಳಲ್ಲ, ಬಸ್ಸು ಹೋದರೆ ಇನ್ನೊಂದು ಬರುತ್ತದೆ ಅನ್ನುವವಳು, ದಾರಿ ಬಿಡಿ, ಸ್ವಲ್ಪ ದಾರಿ ಬಿಡಿ, ಜನ, ಜನ, ಮೆಡಲು ಕಚ್ಚಿಕೊಂಡು ಫೋಟೋ ತೆಗೆಸಿಕೊಳ್ಳುವವರು, ಹುಲ್ಲಿನ ಮೇಲೆ ಕಾಲು ಚಾಚಿ ಮಲಗಿದವರು, ನೋಡ್ಕೊಂಡ್ ಹೋಗ್ರೀ ಎಂದು ಒಬ್ಬ ರೇಗಿದ, ಯಾರದೋ ನೀರಿನ ಲೋಟ ಚೆಲ್ಲಿತು, ಎಡಗಾಲಿನ ಚಪ್ಪಲಿ ಎಲ್ಲೋ ಕಳಚಿತು, ತಿರುಗಿ ನೋಡಲಿಲ್ಲ, ಬಲಗಾಲಿನದನ್ನು ತಾನೇ ಒದರಿದಳು — ಬೇಡ ಅನ್ನಬೇಕಿತ್ತು, ಮಗಳು ಅಂದಳು, ನಾನು ಯಾಕೆ ಅನ್ನಲಿಲ್ಲ, ಹೆಂಡತಿ ಅಂದರೆ ಒಮ್ಮೆಯಾದರೂ ಕಣ್ಣು ಕೆಂಪು ಮಾಡಬೇಕಿತ್ತು, ಚೀಟಿ ಬರೆದುಬಿಟ್ಟರೆ ಆಯಿತೇ, ಚೀಟಿ ಬರೆದರೆ ರೋಗಿ ಸಾಯುವುದಿಲ್ಲವೇ, ಮಾತಾಡ್ತಿಲ್ಲ ಅಂದಳಲ್ಲ ಆ ಸಿಸ್ಟರು, ಮಾತಾಡ್ತಿಲ್ಲ ಅಂದರೆ ಏನು, ಬೆಳಿಗ್ಗೆ ಪಿನ್ನು ಚುಚ್ಚುವಾಗ ಅಯ್ಯೋ ಚರ್ಮಕ್ಕೆ ಚುಚ್ಬೇಡ್ವೇ ಎಂದು ನಗಿಸಿದನಲ್ಲ, ಅದೇ ಕೊನೆಯ ಮಾತೇ, ಬೇಡ, ಹಾಗೆ ಯೋಚಿಸಬಾರದು, ಮಗಳಿಗೆ ಏನು ಹೇಳಲಿ, ಫೋನು ಕೈಯಲ್ಲೇ ಇದೆ, ಮಗಳಿಗೆ ಈಗ ಬೇಡ. ಆ ಬಿಳಿ ಚೀಟಿ, ಅದರ ಮೇಲೆ ಚಮಚ, ತಾನು ನಿಧಾನವಾಗಿ ಸ ಬರೆದು ಅದಕ್ಕೆ ಟ ಒತ್ತು ಕೊಟ್ಟದ್ದು, ಸ್ಟೆಂಟ್, ಎಷ್ಟು ಚೆಂದ ಬರೆದೆ ಎಂದು ಹೆಮ್ಮೆಪಟ್ಟದ್ದು.

ಟೆಂಟಿನ ಪರದೆ ನೆಲ ಮುಟ್ಟುವುದಿಲ್ಲ, ಮಂಚದ ತುದಿಯಲ್ಲಿ ಎರಡು ಬೂಟು ಹೊರಗೆ ಚಾಚಿವೆ, ಹಸಿರು. ಹಸಿರು ಬೂಟು. ಅವನದು ನೀಲಿ, ತಾನೇ ಅಂಗಡಿಗೆ ಹೋಗಿ ಆರಿಸಿದ್ದು, ಅವನಲ್ಲ, ಅವನಲ್ಲ, ಹೋದ ಜೀವ ಬಂದಂತಾಗಿ ಅವಳು ಟೆಂಟಿನ ಕಂಬ ಹಿಡಿದು ನಿಂತಳು, ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಮುಖ ಯಾರದಾದರೂ ಆಗಲಿ ಅನ್ನಿಸಿತು, ಆಮೇಲೆ ಮುಖ ನೋಡಿದಳು, ಬ್ರೇಕ್ ಮೇಷ್ಟ್ರು, ಬೂದಿಯ ಬಣ್ಣ, ಹಣೆಯ ತುಂಬ ತಣ್ಣನೆ ಬೆವರು, ತುಟಿ ಏನೋ ತೊದಲುತ್ತಿದೆ, ಎದೆಗೆ ತಂತಿಗಳನ್ನು ಅಂಟಿಸುತ್ತಿದ್ದಾರೆ, ನಂಬರ್ ಚೀಟಿ ಬಿಚ್ಚಿ ದಿಂಬಿನ ಪಕ್ಕ ಬೋರಲು ಇಟ್ಟಿದ್ದಾರೆ, ಅದರ ಮೇಲೆ ಗುಂಡಗೆ, ಗಂಡನ ರಕ್ತದ ಗುಂಪು, ಗಂಡನ ಮಾತ್ರೆ, ತನ್ನ ನಂಬರು. ಬನ್ನಿ ಮೇಡಂ, ಹಾರ್ಟ್ ಪೇಷಂಟ್ ಅಲ್ವಾ, ಆಂಬುಲೆನ್ಸ್ ಹೇಳಿದೀವಿ ಎಂದರು ಡಾಕ್ಟರು. ಊಟದ ಮೇಜು, ಫ್ಯಾನು, ಕುರ್ಚಿಯ ಕೆಳಗಿಂದ ಎತ್ತಿದ ಎರಡು ಚೀಟಿ, ಎಡ ಯಾವುದು ಬಲ ಯಾವುದು, ಮಗುಚಿ ನಂಬರು ನೋಡಲಿಲ್ಲ, ನೋಡಲೇ ಇಲ್ಲ, ಸೀಸೆ ತೆಗೆಯುವಾಗ ಒಮ್ಮೆ ಓದು, ಸುರಿಯುವಾಗ ಒಮ್ಮೆ ಓದು, ವಾಪಸ್ ಇಡುವಾಗ ಒಮ್ಮೆ ಓದು ಎಂದು ಹೊಸಬರಿಗೆ ಪಾಠ ಹೇಳುವವಳು, ಇಪ್ಪತ್ತೆರಡು ವರ್ಷದಲ್ಲಿ ಒಂದು ಸೀಸೆಗೂ ತಪ್ಪು ಚೀಟಿ ಅಂಟಿಸದವಳು. ಇವ್ರು ನಮ್ಮನೆಯವ್ರಲ್ಲ, ಇವ್ರಿಗೆ ಸ್ಟೆಂಟ್ ಇಲ್ಲ, ಶುಗರ್, ಇನ್ಸುಲಿನ್ ತಗೋತಾರೆ, ಚೀಟಿ ತಪ್ಪು, ಮೊದ್ಲು ಸಕ್ಕರೆ ನೋಡಿ ಡಾಕ್ಟ್ರೇ. ನಿಮಗೆ ಹೇಗೆ ಗೊತ್ತು. ಬರೆದಿದ್ದು ನಾನೇ. ಸಿಸ್ಟರು ಬೆರಳಿಗೆ ಸೂಜಿ ಚುಚ್ಚಿದಳು, ಎಪ್ಪತ್ತರ ಕೆಳಗೆ ಇಳಿಯಬಾರದ ಸಕ್ಕರೆ ಮೂವತ್ತೆಂಟು, ತಕ್ಷಣ ರಕ್ತನಾಳಕ್ಕೆ ಗ್ಲೂಕೋಸ್, ಅವಳು ಮೇಷ್ಟ್ರ ತಣ್ಣನೆಯ ಪಾದ ಹಿಡಿದುಕೊಂಡು ನಿಂತಳು, ಒಂದು ನಿಮಿಷ, ಎರಡು, ಮೂರು, ಬೂದಿ ಬಣ್ಣ ಇಳಿಯಿತು, ಕಣ್ಣು ತೆರೆದು ಸುತ್ತ ನೋಡಿ ಅವಳ ಕಾಲು ನೋಡಿ ಮೇಷ್ಟ್ರು, ಏನ್ ಮೇಡಂ, ನೀವೂ ಓಡಿದ್ರಾ, ಬರಿಗಾಲಲ್ಲಿ, ಅಂದರು. ಅವಳು ಅತ್ತುಬಿಟ್ಟಳು. ನಾವು ಹೇಗೂ ಸಕ್ಕರೆ ನೋಡ್ತಿದ್ವಿ ಮೇಡಂ, ನೀವು ಹೇಳಿದ್ದಕ್ಕೆ ಬೇಗ ಆಯ್ತು ಅಷ್ಟೆ ಎಂದರು ಡಾಕ್ಟರು, ಒಳ್ಳೆಯ ಮನುಷ್ಯ, ಆ ಮಾತನ್ನು ನಂಬಲು ಅವಳಿಗೆ ತುಂಬ ಆಸೆಯಾಯಿತು.

ಮೇಷ್ಟ್ರ ಹೆಂಡತಿಗೆ ತಾನೇ ಫೋನು ಮಾಡಿದಳು, ಬಿದ್ದರು ಎಂಬ ಮಾತು ಮೊದಲು ಬರಬಾರದು, ಅದು ಕಿವಿಗೆ ಬಿದ್ದರೆ ಏನಾಗುತ್ತದೆಂದು ಈಗ ಗೊತ್ತು, ಚೆನ್ನಾಗಿದ್ದಾರೆ, ಕೂತು ಬಿಸ್ಕತ್ತು ತಿಂತಿದ್ದಾರೆ, ಆಮೇಲೆ ಕೇಳಿ ಎಂದು ಶುರು ಮಾಡಿ, ಉಳಿದದ್ದು ಹೇಳಿ, ಚೀಟಿ ಅದಲುಬದಲು ಮಾಡಿದ್ದು ನಾನೇ, ನನ್ನ ಕೈತಪ್ಪು ಅಂದಳು. ಸ್ಪೀಕರಿನಲ್ಲಿ ಆಕೆಯ ದನಿ ಮಂಚದವರೆಗೂ ಕೇಳಿಸಿತು. ಜೇಬಲ್ಲಿ ಗ್ಲೂಕೋಸ್ ಪುಡಿ ಇಟ್ಟಿದ್ನಲ್ಲ, ಯಾರಿಗೋ ಕೊಟ್ಟಿರ್ತಾರೆ. ಮೇಷ್ಟ್ರು ಮುಖ ತಿರುಗಿಸಿದರು, ಒಬ್ಬ ಹುಡುಗಿ ಸುಸ್ತಾಗಿ ಕೂತಿದ್ಲು ಕಣ್ರೀ, ಕೊಟ್ಟೆ ಎಂದು ಗೋಡೆ ಇಲ್ಲದ ಟೆಂಟಿನ ಗೋಡೆಗೆ ಹೇಳಿದರು. ಮನೆಗೆ ಬರ್ಲಿ, ಮಾಡ್ತೀನಿ ಇವ್ರಿಗೆ, ನೀವು ಅಳ್ಬೇಡಿ ಅಂದಳು ಆಕೆ, ಬೈಯಲಿಲ್ಲ, ಬೈದಿದ್ದರೆ ಅವಳಿಗೆ ಸ್ವಲ್ಪ ಹಗುರಾಗುತ್ತಿತ್ತು.

ಹಾಗಾದರೆ ಅವನು ಎಲ್ಲಿ, ಇನ್ನೂ ಓಡುತ್ತಿದ್ದಾನೆ, ಎದೆಯ ಮೇಲೆ ತಪ್ಪು ಚೀಟಿ ಹೊತ್ತು, ಮತ್ತೆ ಬೇಲಿಗೆ ಬಂದು ನಿಂತಳು, ಅಂಗಾಲಿಗೆ ಕಲ್ಲು ಒತ್ತುತ್ತಿದೆ, ಒತ್ತಲಿ, ಹಳದಿ, ಹಳದಿ, ಹಳದಿ, ಅಗೋ ನೀಲಿ ಬೂಟು, ಕೊನೆಯ ನೂರು ಮೀಟರ್ ಮಾತು ಕೊಟ್ಟಂತೆ ನಡೆದುಕೊಂಡು ಬರುತ್ತಿದ್ದಾನೆ, ಹಿಂದಿನವರೆಲ್ಲ ಹಾರಿ ಹಾರಿ ಮುಂದೆ ಹೋಗುತ್ತಿದ್ದಾರೆ, ಅವನು ತರಕಾರಿ ತರಲು ಹೊರಟವನ ಹಾಗೆ ಕೈ ಬೀಸಿಕೊಂಡು, ಗೆರೆ ದಾಟಿ, ಬೇಲಿ ಬಳಸಿ ಬಂದು, ಮೇಷ್ಟ್ರು ಬಂದ್ರಾ, ನೀರಿನ ಮೇಜಿನ ಹತ್ರ ಆ ಜನದಲ್ಲಿ ತಪ್ಪಿಸ್ಕೊಂಡ್ರು, ಹತ್ತು ನಿಮಿಷ ಕಾದೆ, ನಿನ್ ಚಪ್ಪಲಿ ಎಲ್ಲೇ. ಬಂದಿದ್ದಾರೆ, ಚೆನ್ನಾಗಿದ್ದಾರೆ, ಚಪ್ಪಲಿ ಹೋಯ್ತು, ಹೋಗ್ಲಿ ಬಿಡಿ ಅಂದಳು, ಅವನ ಬೆವರಿನ ಎದೆಗೆ ಅಂಗೈ ಒತ್ತಿ ಹಿಡಿದಳು, ಬಡಿಯುತ್ತಿದೆ, ಸಮವಾಗಿ ಬಡಿಯುತ್ತಿದೆ, ಇಷ್ಟು ಸಂತೋಷವನ್ನು ಅವಳು ಯಾವ ಮೆಡಲಿನಲ್ಲೂ ಕಂಡಿರಲಿಲ್ಲ, ಎಲ್ಲರೂ ನೋಡಲಿ, ನಾಚಿಕೆಯಿಲ್ಲ. ಆಮೇಲೆ ಕೆಳಗಿನ ಎರಡು ಪಿನ್ನು ತೆಗೆದು ಚೀಟಿ ಎತ್ತಿ ನೋಡಿದಳು, ನೋಡುವ ಮೊದಲೇ ಗೊತ್ತಿತ್ತು, ಸಕ್ಕರೆ ಕಾಯಿಲೆ, ಪ್ರಜ್ಞೆ ತಪ್ಪಿದರೆ ಗ್ಲೂಕೋಸ್ ಕೊಡಿ, ತೆಳು ರಕ್ತದ ಮಾತೇ ಇಲ್ಲ, ಕೆಳಗೆ ಮೇಷ್ಟ್ರ ಹೆಂಡತಿಯ ನಂಬರು. ಇವನು ಬಿದ್ದಿದ್ದರೆ ಆ ಫೋನು ಬೇರೆ ಯಾರದೋ ಅಡುಗೆಮನೆಯಲ್ಲಿ ರಿಂಗಾಗುತ್ತಿತ್ತು, ತಾನು ಇಲ್ಲೇ ಈ ಬೇಲಿಗೆ ಆತು ನಿಂತು ಹೋಗಿಬರುವವರ ಪಿನ್ನು ಎಣಿಸುತ್ತಿದ್ದಳು — ಬೀಳಲಿಲ್ಲ, ಬಂದ, ಎದೆ ಬಡಿಯುತ್ತಿದೆ, ಮುಂದೆ ಪ್ರತಿ ಸಲ ಮೂರು ಸಲ ಓದುತ್ತೇನೆ, ಏನಾಯ್ತೇ, ಯಾಕೆ ಹಾಗೆ ನೋಡ್ತಿದೀಯ ಅನ್ನುತ್ತಿದ್ದಾನೆ, ಹೇಳಬೇಕು, ಹೇಳುತ್ತೇನೆ, ಒಂದು ನಿಮಿಷ, ಊಟದ ಮೇಜು, ಮೇಲೆ ತಿರುಗುವ ಫ್ಯಾನು, ಮಗುಚಿ ನೋಡದೆ ಬೋರಲು ಮಲಗಿಸಿದ ಎರಡು ಬಿಳಿ ಚೀಟಿ, ಒಂದೊಂದರ ಮೇಲೆ ಒಂದೊಂದು ಚಮಚ.