ಟೆರೆನ್ಸ್ ಬಿಟ್ಟು ಹೋದ ಸುದ್ದಿ

ಬೀದರ–ಔರಾದ ಬಸ್ಸಿನಲ್ಲಿ ಹೆಣ್ಣುಮಗಳೊಬ್ಬಳು ಅತ್ತರೆ ಅದು ಅವಳ ಸ್ವಂತ ವಿಷಯವಾಗಿ ಉಳಿಯುವುದಿಲ್ಲ. ಪಕ್ಕದ ಸೀಟಿನವಳಿಗೆ ಕಾರಣ ಕೇಳುವ ಹಕ್ಕಿದೆ, ಹಿಂದಿನ ಸೀಟಿನವಳಿಗೆ ಕಿವಿಗೊಡುವ ಹಕ್ಕಿದೆ, ಕಂಬ ಹಿಡಿದು ನಿಂತವರಿಗೆ ಸಲಹೆ ಕೊಡುವ ಹಕ್ಕಿದೆ. ಈ ಕಾನೂನು ವಿಶಾಖಾಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅತ್ತಳು.

ವಿಶಾಖಾ ಔರಾದದ ದವಾಖಾನೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ದಿನಾ ಬೀದರಿನಿಂದ ಹೋಗಿ ಬರುತ್ತಾಳೆ. ಸೂಜಿ ಕಂಡರೆ ಮೀಸೆ ತಿರುವಿದ ಪೈಲವಾನರೂ ಆ ಕಡೆ ಮುಖ ತಿರುಗಿಸುತ್ತಾರೆ; ಇವಳು ಮಾತ್ರ ನರ ಹುಡುಕಿ, ರಕ್ತ ತೆಗೆದು, ಹತ್ತಿ ಒತ್ತಿ, "ಮುಗೀತು, ಕಣ್ಣು ತೆರೀರಿ" ಅನ್ನುತ್ತಾಳೆ. ಇಂಥ ಗಟ್ಟಿ ಹುಡುಗಿ ಕಾದಂಬರಿ ಹಿಡಿದರೆ ಮಾತ್ರ ನೀರಾಗಿಬಿಡುತ್ತಿದ್ದಳು. ಅದೂ ಅಮೆರಿಕದ ಕಪ್ಪು ಜನ ಬರೆದ, ಕಪ್ಪು ಹುಡುಗ ಹುಡುಗಿಯರ ಪ್ರೇಮದ ಕಾದಂಬರಿ. ದವಾಖಾನೆಯ ಔಷಧ ಕೌಂಟರಿನಲ್ಲಿ ಕೂರುವ ಗೆಳತಿ ಶೈಸ್ತಾ ಈ ಚಟ ಹಚ್ಚಿದವಳು. ಶೈಸ್ತಾ ಕೈಗೆ ಸಿಕ್ಕಿದ್ದನ್ನೆಲ್ಲ ಓದಿ ಮರೆತುಬಿಡುತ್ತಾಳೆ. ವಿಶಾಖಾ ಇವುಗಳ ಹತ್ತಿರವೇ ನಿಂತುಬಿಟ್ಟಳು. ಫೋನಿನಲ್ಲಿ ಓದುವುದು, ನಾಯಕ ತಪ್ಪು ಮಾಡಿದರೆ ತುಟಿಯಲ್ಲೇ ಬೈಯುವುದು, ಅವನು ಕ್ಷಮೆ ಕೇಳಿದರೆ ಕಣ್ಣೊರೆಸಿಕೊಳ್ಳುವುದು, ಸ್ಟಾಪ್ ಬಂದರೆ ಇಳಿಯುವುದು.

ಇದಕ್ಕೆ ಕಾರಣ ಇತ್ತು. ವಿಶಾಖಾ ಕಪ್ಪು. ಅವ್ವ ಅದನ್ನು "ಎಣ್ಣೆಗೆಂಪು" ಅನ್ನುತ್ತಿದ್ದಳು, ಸಂಬಂಧ ತರುವವರು "ಬಣ್ಣ ಒಂದೀಟು ಕಮ್ಮಿ" ಅನ್ನುತ್ತಿದ್ದರು, ಆದರೆ ಕನ್ನಡಿ ಇಬ್ಬರ ಮಾತನ್ನೂ ಒಪ್ಪುತ್ತಿರಲಿಲ್ಲ. ಅವಳನ್ನು ನೋಡಲು ಬಂದವರೆಲ್ಲ ಚಹಾ ಕುಡಿದು ಎದ್ದು ಹೋಗುವಾಗ ಹೊಸ್ತಿಲ ಹತ್ತಿರ ಒಂದೇ ಮಾತು ಹೇಳುತ್ತಿದ್ದರು. "ಹುಡುಗಿ ಛಲೋ ಇದ್ದಾಳ್ರಿ, ಆದ್ರ..." ಆ ಮಾತನ್ನು ಇಲ್ಲಿಯವರೆಗೆ ಯಾರೂ ಪೂರ್ತಿ ಮಾಡಿರಲಿಲ್ಲ, ಮಾಡುವ ಅಗತ್ಯವೂ ಬಿದ್ದಿರಲಿಲ್ಲ.

ಈ ಕಾದಂಬರಿಗಳಲ್ಲಿ ಹುಡುಗ ಹುಡುಗಿಯನ್ನು ಪುಟಗಟ್ಟಲೆ ನೋಡುತ್ತಾನೆ. ಅವಳ ಭುಜ, ಅವಳ ಮೂಗು, ಬೆಳಕಿನಲ್ಲಿ ಅವಳ ಕೆನ್ನೆ. ಒಂದು ಕಡೆಯೂ "ಆದ್ರ" ಬರುವುದಿಲ್ಲ. ಮೊದಲ ಸಲ ಓದಿದಾಗ ಅವಳು ಅಧ್ಯಾಯದ ಹಿಂದಕ್ಕೆ ಹೋಗಿ ಹುಡುಕಿದ್ದಳು, ಎಲ್ಲೋ ಕಣ್ತಪ್ಪಿ ಹೋಗಿದೆ ಎಂದು. ಸಿಗಲಿಲ್ಲ. ಆವತ್ತೇ ಅವಳು ಮೊದಲ ಬಾರಿಗೆ ಒಂದು ಪುಸ್ತಕಕ್ಕಾಗಿ ಅತ್ತದ್ದು.

ಅಷ್ಟರಲ್ಲಿ ಭಾಲ್ಕಿಯಿಂದ ಒಂದು ಸಂಬಂಧ ಬಂತು. ಹುಡುಗ ಅಶ್ವಜಿತ ದನದ ಡಾಕ್ಟರು, ತಂದೆ ಸುಶೀಲಕುಮಾರ ನಿವೃತ್ತ ಹೆಡ್‌ಮಾಸ್ತರು. ಬಂದರು, ಜೈಭೀಮ್ ಹೇಳಿದರು, ಕೂತರು. ಎಲ್ಲರೂ ಸಂಬಳ, ಸರ್ವಿಸ್ಸು, ವರ್ಗಾವಣೆಗಳ ಬಗ್ಗೆ ಮಾತಾಡುವಾಗ ಅಶ್ವಜಿತ ಒಂದು ವಿಚಿತ್ರ ಪ್ರಶ್ನೆ ಕೇಳಿದ.

"ಖಾಲಿ ಇದ್ದಾಗ ಏನ್ ಮಾಡ್ತೀರಿ?"

"ಓದ್ತೇನಿ."

"ಈಗ ಏನ್ ಓದಲತ್ತೀರಿ?"

ಇಷ್ಟು ಜನ ಬಂದು ಹೋದರೂ ಈ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ವಿಶಾಖಾ ಪುಸ್ತಕದ ಹೆಸರು ಹೇಳಿದಳು. ಅವನು ಫೋನಿನಲ್ಲಿ ಅದನ್ನು ಬರೆದುಕೊಂಡು ಜೇಬಿಗೆ ಹಾಕಿದ. ಅವನ ಅಂಗಿಯಿಂದ ಸಣ್ಣಗೆ ಫಿನಾಯಿಲ್ ವಾಸನೆ ಬರುತ್ತಿತ್ತು. ಈ ಸಂಬಂಧ ಕೂಡಿ ಬರಲಿ ಎಂದು ವಿಶಾಖಾಳಿಗೆ ಮನಸ್ಸಾರೆ ಅನ್ನಿಸಿತು. ಹಿಂದೆ ಯಾರ ಬಗ್ಗೆಯೂ ಹಾಗೆ ಅನ್ನಿಸಿರಲಿಲ್ಲ.

ಅದೇ ವಾರ ಬಸ್ಸಿನಲ್ಲಿ ಅನಾಹುತವಾಯಿತು. ಕಾದಂಬರಿಯ ನಾಯಕ ಟೆರೆನ್ಸ್, ನಾಯಕಿ ನಯೋಮಿಗೆ ಒಂದು ಮಾತೂ ಹೇಳದೆ ಊರು ಬಿಟ್ಟು ಹೋದ ಪುಟ ಅದು. ವಿಶಾಖಾ ಮುಖಕ್ಕೆ ಓಢಣಿ ಒತ್ತಿಕೊಂಡು ಬಿಕ್ಕುತ್ತಿದ್ದಾಗ, ಜನವಾಡದಲ್ಲಿ ಹತ್ತಿ ಪಕ್ಕದಲ್ಲಿ ಕೂತಿದ್ದ ದಾನಮ್ಮ ಎಂಬ ಹಿರಿಯ ಹೆಂಗಸು ತನ್ನ ಹಕ್ಕು ಚಲಾಯಿಸಿದಳು.

"ಯಾಕ ತಂಗಿ, ಯಾಕ ಅಳಲತ್ತಿ?"

ವಿಶಾಖಾ ಇನ್ನೂ ಪುಸ್ತಕದ ಒಳಗೇ ಇದ್ದಳು. ಉತ್ತರವೂ ಅಲ್ಲಿಂದಲೇ ಬಂತು.

"ಬಿಟ್ಟು ಹೋದ್ನರಿ ಅಂವ. ಹೇಳದೆ ಕೇಳದೆ ಹೋಗ್ಯಾನ."

ಮುಗಿಯಿತು. ದಾನಮ್ಮ ತಲೆ ಸವರಿದಳು. "ಗಂಡಸರ ಜಾತೀನೇ ಹಂಗ" ಎಂದು ಮುಂದಿನ ಸೀಟಿನವಳು ಹಿಂದೆ ತಿರುಗಿ ಹೇಳಿದಳು. "ಪೊಲೀಸ್ ಕಂಪ್ಲೇಂಟ್ ಕೊಡ್ರಿ" ಎಂದು ನಿಂತವನೊಬ್ಬ ಅಂದ. ಸಂತಪುರ ಬರುವಷ್ಟರಲ್ಲಿ ಕಂಡಕ್ಟರನಿಗೂ ವಿಷಯ ಗೊತ್ತಾಗಿತ್ತು. ವಿಶಾಖಾ "ಕಥಿರಿ, ಇದು ಕಥಿ" ಎಂದು ಹೇಳಿದ್ದನ್ನು ಎಲ್ಲರೂ ಕರುಣೆಯಿಂದ ಕೇಳಿದರು, ಒಬ್ಬರೂ ನಂಬಲಿಲ್ಲ. ಎರಡು ಸೀಟು ಹಿಂದೆ ಔರಾದದ ಶಾಲೆಯ ಟೀಚರು ಸುಮನ ಕೂತಿದ್ದರು. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಅವರು ಅಶ್ವಜಿತನ ಸೋದರತ್ತೆ, ಫೋಟೋದಲ್ಲಿ ತನ್ನನ್ನು ಆಗಲೇ ನೋಡಿದವರು ಎಂಬುದು ವಿಶಾಖಾಳಿಗೆ ಗೊತ್ತಿರಲಿಲ್ಲ.

ಭಾಲ್ಕಿಯಿಂದ ಫೋನು ಬಂತು. ವಿಶಾಖಾಳ ತಂದೆ ಕಾಶೀರಾಮ "ಹೌದ್ರಿ, ಹೌದ್ರಿ" ಎಂದು ಶುರು ಮಾಡಿದವರು ನಡುವೆ ಕುರ್ಚಿಯಲ್ಲಿ ಕುಸಿದರು. ಹುಡುಗಿಗೆ ಬೇರೆ ಯಾರೋ ಇದ್ದಾನೆ, ಅವನು ಕೈಕೊಟ್ಟಿದ್ದಾನೆ, ನಮ್ಮ ತಂಗಿ ಕಣ್ಣಾರೆ ನೋಡಿದ್ದಾಳೆ, ಭಾನುವಾರ ಬಂದು ಮುಖಾಮುಖಿ ಮಾತಾಡಿ ಸಂಬಂಧ ಇಟ್ಟುಕೊಳ್ಳಬೇಕೋ ಬಿಡಬೇಕೋ ನೋಡುತ್ತೇವೆ. ಇದು ಫೋನಿನ ಸಾರಾಂಶ.

"ಪುಸ್ತಕ ಓದಿ ಅತ್ತೀನಪ್ಪಾ" ಅಂದಳು ವಿಶಾಖಾ.

"ಪಗಾರ ತೊಗೊಳ್ಳೋ ಹುಡುಗಿ, ಪುಸ್ತಕಕ್ಕ ಅಳ್ತಾಳ ಅಂದ್ರ ಯಾರು ನಂಬ್ತಾರ?" ಅಂದರು ಕಾಶೀರಾಮ. ದನಿ ಕೇಳಿದರೆ ಮಗಳ ಮಾತಿನ ಮೇಲೆ ಅವರಿಗೂ ಪೂರ್ತಿ ನಂಬಿಕೆ ಇದ್ದಂತಿರಲಿಲ್ಲ.

ಅಜ್ಜಿ ಶೇವಂತಾಬಾಯಿ ಅಡಿಕೆ ಕತ್ತರಿಸುತ್ತಾ ತೀರ್ಪು ಕೊಟ್ಟಳು. "ಬರ್ಲಿ. ಅವರ ಮುಂದ ಆ ಕಥಿ ಹೇಳು. ಖರೇ ಅಳೋ ಕಥಿ ಇದ್ರ ಅವರೂ ಅಳ್ತಾರ. ಅಳ್ಳಿಲ್ಲಂದ್ರ ನಿನ್ನ ನಸೀಬ."

ಭಾನುವಾರ ಅವ್ವ ಶಿರಾ ಮಾಡಿದಳು, ಭಜಿ ಕರಿದಳು, ಮಗಳಿಗೆ ಪೌಡರ್ ಹಚ್ಚಿದಳು. ಪ್ರತಿ ಸಲ ಒಂದು ಪದರ ಹಚ್ಚುವ ರೂಢಿ. ಈ ಸಲ ಪರಿಸ್ಥಿತಿ ನಾಜೂಕಾಗಿದ್ದುದರಿಂದ ಅದರ ಮೇಲೆ ಇನ್ನೊಂದು ಪದರ ಬಿತ್ತು. ವಿಶಾಖಾಳ ಮುಖ ಹಿಟ್ಟಿನ ಗಿರಣಿಯಿಂದ ಎದ್ದು ಬಂದವರ ಮುಖದಂತಾಯಿತು.

ಸುಶೀಲಕುಮಾರ, ಸುಮನ, ಅಶ್ವಜಿತ ಮೂವರೂ ಬಂದು ಕೂತರು. ಸುಮನ ಟೀಚರೂ ಕಪ್ಪು, ಅವರೂ ಕುತ್ತಿಗೆಯವರೆಗೆ ಪೌಡರ್ ಹಚ್ಚಿಕೊಂಡಿದ್ದರು. ಅಶ್ವಜಿತ ಬಾಯಿ ತೆರೆದು "ಅಪ್ಪಾ, ನಾ ಒಂದ್ ಮಾತು" ಎನ್ನುವಷ್ಟರಲ್ಲಿ ಸುಶೀಲಕುಮಾರ ಕೈ ಎತ್ತಿದರು.

"ನೀ ಸುಮ್ಮ ಕೂಡು. ದೊಡ್ಡವರು ಮಾತಾಡಲತ್ತೇವಿ."

ವಿಶಾಖಾ ಕಥೆ ಶುರು ಮಾಡಿದಳು.

"ನಯೋಮಿ ಅಂತ ಒಬ್ಬಾಕಿರಿ. ಅಮೆರಿಕಾದಾಗ ಕೂದಲಾ ಹೆಣಿಯೋ ಅಂಗಡಿ ಇಟ್ಟಾಳ."

"ಜಡಿ ಹಾಕ್ಲಾಕ ಅಂಗಡಿಗಿ ಹೋಗ್ತಾರೇನು? ಮನ್ಯಾಗ ಅವ್ವಂದಿರು ಇಲ್ಲೇನು?" ಅಜ್ಜಿ ಕೇಳಿದಳು.

"ಅವರ ಕೂದಲಾ ಬ್ಯಾರೆ ಇರ್ತದ ಆಯಿ, ಹೆಣೀಲಾಕ ಅರ್ಧ ದಿನ ಬೇಕು. ಟೆರೆನ್ಸ್ ಅಂತ ಒಬ್ಬ ಬಡಗಿ. ಹೆಂಡ್ತಿ ತೀರ್ಕೊಂಡಾಳ, ಸಣ್ಣ ಮಗಳು ಇದ್ದಾಳ. ಆ ಕೂಸಿನ ತಲಿ ಹಿಕ್ಕೋದು ಅಂವಗ ಬರಲ್ಲ. ನಯೋಮಿ ಹತ್ರ ಬಂದು ಕಲೀತಾನ. ಮನ್ಯಾಗ ಕುರ್ಚಿಗಿ ಹಗ್ಗ ಕಟ್ಟಿ ಜಡಿ ಹಾಕೋದು ರೂಢಿ ಮಾಡ್ತಾನ."

"ಅಭ್ಯಾಸ ಮಾಡ್ಯಾನ ಅಂದ್ರ ಶಿಸ್ತಿನ ಮನಷ್ಯಾ" ಎಂದರು ಹೆಡ್‌ಮಾಸ್ತರು, ತಲೆಯಾಡಿಸುತ್ತಾ.

ಹೀಗೆ ಕಥೆ ಸಾಗಿತು. ಪ್ರೇಮ ಹುಟ್ಟಿತು, ಕೂಸು ನಯೋಮಿಗೆ ಅಂಟಿಕೊಂಡಿತು. ಆಮೇಲೆ ಟೆರೆನ್ಸನ ಸತ್ತ ಹೆಂಡತಿಯ ತಾಯಿ, ಮೊಮ್ಮಗಳನ್ನು ತನಗೇ ಕೊಡು, ಇಲ್ಲದಿದ್ದರೆ ಕೋರ್ಟಿಗೆ ಹೋಗುತ್ತೇನೆ ಎಂದಳು. ಟೆರೆನ್ಸ್ ಕೂಸನ್ನು ಕರೆದುಕೊಂಡು, ನಯೋಮಿಗೆ ಹೇಳದೆ ಇನ್ನೊಂದು ಊರಿಗೆ ಹೋಗಿಬಿಟ್ಟ.

"ಇದು ತಪ್ಪು" ಎಂದರು ಕಾಶೀರಾಮ. "ಹುಡುಗಿಗಿ ಒಂದ್ ಮಾತು ಹೇಳಿ ಹೋಗಬೇಕಿತ್ತು."

"ಅಂವ ಕೂಸಿನ ಸಲುವಾಗಿ ಹೋಗ್ಯಾನರಿ. ಮೋಜಿಗಿ ಹೋಗ್ಯಾನೇನು?" ಸುಶೀಲಕುಮಾರ ಬೆನ್ನು ನೆಟ್ಟಗೆ ಮಾಡಿಕೊಂಡರು.

"ಫೋನ್ ಇದ್ದಿಲ್ಲೇನು ಅವನ ಹತ್ರ?"

"ನಿಮ್ಮ ಹುಡುಗಿ ಭಿ ಒಂದ್ ಫೋನ್ ಮಾಡಬಹುದಿತ್ತು."

"ಆಕಿ ಯಾಕ ಮಾಡಬೇಕು? ಹೆಣ್ಣಿನ ಕಡಿಯವರು ಅಂದ್ರ ಎಲ್ಲಾದಕ್ಕೂ ನಾವೇ ಬಗ್ಗಬೇಕೇನು?"

"ಅಪ್ಪಾ, ಆ ಪುಸ್ತಕ" ಎಂದ ಅಶ್ವಜಿತ.

"ನೀ ಸುಮ್ಮ ಕೂಡು. ನೀವು ಹಂಗೆಲ್ಲಾ ಅನ್ನಬ್ಯಾಡ್ರಿ ಬೀಗರ, ನಮ್ಮ ಹುಡುಗನ ತೊಂದ್ರಿ ನಿಮಗ ತಿಳಿವಲ್ದು."

ಬೀಗರು ಎಂದದ್ದು ಇಬ್ಬರಿಗೂ ಗಮನಕ್ಕೆ ಬರಲಿಲ್ಲ. ಅಜ್ಜಿಗೆ ಬಂತು. ಅವಳು ಅಡಿಕೆ ಬಾಯಿಗೆ ಹಾಕಿಕೊಂಡಳು. ಗಂಡಿನ ಕಡೆಯವರು ಟೆರೆನ್ಸನ ಪಕ್ಷ, ಹೆಣ್ಣಿನ ಕಡೆಯವರು ನಯೋಮಿಯ ಪಕ್ಷ ಎಂದು ಯಾರೂ ಹೇಳದೆಯೇ ಹಂಚಿಕೆಯಾಗಿತ್ತು. ಪುಸ್ತಕದ ಹೊರಗೆ ಎಂದೂ ಇರದ ಇಬ್ಬರ ಜಗಳದಲ್ಲಿ ತನ್ನ ಸಂಬಂಧ ಮುರಿದು ಬೀಳುವುದನ್ನು ವಿಶಾಖಾ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು.

ಸುಮನ ಟೀಚರು ತಟ್ಟೆ ಕೆಳಗಿಟ್ಟರು. "ಇದೆಲ್ಲಾ ಇರ್ಲಿ. ನಿಮಗ ಸಿಟ್ಟು ಬಂತು. ಅಳು ಬಂತೇನು? ನನಗಂತೂ ಬರ್ಲಿಲ್ಲ. ಬಸ್ಸಿನ್ಯಾಗ ಅಕಿ ಅತ್ತಿದ್ದು ನಾ ನೋಡೀನಿ. ಅಂಥಾ ಅಳು ಪುಸ್ತಕದ್ದಲ್ಲ."

ವಿಶಾಖಾ ಸುಮನ ಟೀಚರ ಕಡೆ ತಿರುಗಿದಳು.

"ಅಂವ ಹೋಗಿದ್ದಕ್ಕ ಅಷ್ಟು ಅಳು ಬಂದಿಲ್ರಿ. ಹೋದಾಂವ ಎಂಥಾಂವ ಅಂತ ನೆನಸಿ ಬಂತು. ನಯೋಮಿ ಕಪ್ಪ ಇದ್ದಾಳ್ರಿ, ಅವರ ಮಂದ್ಯಾಗೂ ಕಪ್ಪ. ಸಣ್ಣಾಕಿ ಇದ್ದಾಗಿಂದ ದೊಡ್ಡವ್ವ ಅಕಿಗಿ ಬಿಸಲಾಗ ಹೋಗಬ್ಯಾಡ, ಇನ್ನಾ ಕಪ್ಪ ಆಗ್ತಿ ಅಂತಿದ್ಳು. ನಿಂಬಿಹಣ್ಣು ತಿಕ್ಕತಿದ್ಳು. ಆಟಕ್ಕ ಬಿಡ್ತಿದ್ದಿಲ್ಲ. ದೊಡ್ಡಾಕಿ ಆದ್ರೂ ಅಕಿ ನೆಳ್ಳು ಹುಡುಕೇ ಕೂಡ್ತಿದ್ಳು. ಅಂಗಡಿ ಮುಂದ ಗಿಡದ ಬುಡಕ ಒಂದು ಬೆಂಚ್ ಇತ್ತು, ಅದರ ಮ್ಯಾಲೆ. ಒಂದಿನ ಇದೆಲ್ಲಾ ಟೆರೆನ್ಸಗ ಹೇಳ್ತಾಳ. ಅಂವ ಏನೂ ಅನ್ನಲ್ಲ. ನೀ ಛಲೋ ಇದ್ದಿ ಅಂತನೂ ಅನ್ನಲ್ಲ. ಮರುದಿನ ಮುಂಜಾನೆ ಬಂದು ಆ ಬೆಂಚ್ ಎತ್ತಿ ಬಿಸಲಾಗ ಇಡ್ತಾನ. ಇಟ್ಟು, ತಾನು ಒಂದು ಬದಿಗಿ ಕೂಡ್ತಾನ. ಇನ್ನೊಂದು ಬದಿ ಖಾಲಿ ಬಿಡ್ತಾನ."

ಇಷ್ಟು ಹೇಳುವಷ್ಟರಲ್ಲಿ ಅವಳ ದನಿ ಕೈಕೊಟ್ಟಿತು. ಕಣ್ಣೀರು ಎರಡು ಪದರ ಪೌಡರನ್ನು ಕೊರೆದುಕೊಂಡು ಗಲ್ಲದವರೆಗೆ ಇಳಿಯಿತು. ಬಿಳಿ ಮುಖದ ಮೇಲೆ ಎರಡು ಕಪ್ಪು ಗೆರೆ ಎದ್ದು ಕಂಡವು. ಅವ್ವ ಅಡುಗೆಮನೆಯ ಬಾಗಿಲಲ್ಲಿ ತಲೆ ಮೇಲೆ ಕೈ ಹೊತ್ತಳು.

ಆಗ ಕಾಶೀರಾಮ ಸುಮನ ಟೀಚರ ಕಡೆ ನೋಡಿದರು, ಸುಶೀಲಕುಮಾರರೂ ನೋಡಿದರು. ಟೀಚರ ಕೆನ್ನೆಯ ಮೇಲೂ ಅಂಥವೇ ಎರಡು ಗೆರೆ ಇಳಿದಿದ್ದವು.

"ಭಜಿ ಖಾರ ಆಗ್ಯಾವ" ಎಂದರು ಟೀಚರು.

ತಟ್ಟೆಯಲ್ಲಿ ಅವರು ಭಜಿ ಮುಟ್ಟಿರಲೇ ಇಲ್ಲ. ಅವರೇ ಮೆಲ್ಲಗೆ ಅಂದರು. "ನಮ್ಮವ್ವ ಕಡ್ಲಿಹಿಟ್ಟು ತಿಕ್ಕತಿದ್ಳು. ಸಾಲಿಗಿ ಹೋಗೋ ಮುಂದ ಛತ್ರಿ ಹಿಡೀಬೇಕು. ಗೆಳತ್ಯಾರೆಲ್ಲಾ ನಗ್ತಿದ್ರು." ಆಮೇಲೆ ಮೂಗೊರೆಸಿಕೊಂಡು ಕೇಳಿದರು. "ತಿರುಗಿ ಬಂದ್ನೋ ಇಲ್ಲೋ ಅಂವ?"

"ಗೊತ್ತಿಲ್ರಿ."

"ಗೊತ್ತಿಲ್ಲ ಅಂದ್ರ?"

"ಕೊನೀ ಅಧ್ಯಾಯ ಉಳದದ. ಅಂವ ಬರ್ಲಿಲ್ಲಂದ್ರ ನನಗ ತಡ್ಕೊಳ್ಳಾಕ ಆಗಲ್ಲ. ಅದಕ್ಕ ಓದಿಲ್ಲ."

ದೊಡ್ಡವರಿಗೆಲ್ಲ ಒಮ್ಮೆಗೇ ದಿಕ್ಕು ತಪ್ಪಿತು. ಆಗ ಅಶ್ವಜಿತ ಮೂರನೆಯ ಸಲ ಬಾಯಿ ತೆರೆದ. ಈ ಸಲ ಅವನಪ್ಪನ ಕೈ ಏಳಲಿಲ್ಲ.

"ನಾ ಪೂರಾ ಓದೀನಿ. ಇವರು ಹೆಸರು ಹೇಳಿದ ದಿನಾನೇ ಖರೀದಿ ಮಾಡ್ದೆ. ದವಾಖಾನ್ಯಾಗ ಎಮ್ಮಿ ಮುಂದ ಕೂತು ಅತ್ತೀನಿ. ಎಮ್ಮಿ ಮಾಲಕ, ಸಾಹೇಬ್ರ, ಎಮ್ಮಿ ಉಳಿಯಲ್ಲೇನ್ರಿ ಅಂತ ತಾನೂ ಅಳ್ಳಾಕ ಶುರು ಮಾಡ್ದ."

"ಮದ್ಲೇ ಯಾಕ ಹೇಳ್ಲಿಲ್ಲ?" ಸುಶೀಲಕುಮಾರ ಗದರಿದರು.

"ನೀವೆಲ್ಲಿ ಬಿಟ್ರಿ?"

"ಆಯ್ತು, ಈಗ ಹೇಳು. ಬಂದ್ನೇನು?"

"ಬಂದಾನ ತೊಗೋರಿ, ಬರದೆ ಎಲ್ಲಿ ಹೋಗ್ತಾನ" ಎಂದರು ಕಾಶೀರಾಮ. ಗೊತ್ತಿಲ್ಲದೆ ಟೆರೆನ್ಸನ ಪಕ್ಷ ಸೇರಿಬಿಟ್ಟಿದ್ದರು.

ಅಶ್ವಜಿತ ವಿಶಾಖಾಳ ಕಡೆ ನೋಡಿದ. ಅವಳು ಗಾಬರಿಯಿಂದ ತಲೆ ಅಲ್ಲಾಡಿಸಿದಳು. "ಹೇಳಬ್ಯಾಡ್ರಿ."

ಅವನು ಹೇಳಲಿಲ್ಲ. ಅಪ್ಪ ಗದರಿದರೂ ಹೇಳಲಿಲ್ಲ, ಅತ್ತೆ ಪುಸಲಾಯಿಸಿದರೂ ಹೇಳಲಿಲ್ಲ. "ಇವರು ಓದಿದ ಮ್ಯಾಲೆ ಇವರನ್ನೇ ಕೇಳ್ರಿ" ಎಂದು ಕೂತುಬಿಟ್ಟ. ಆಮೇಲೆ ಜೇಬಿನಿಂದ ಫಿನಾಯಿಲ್ ವಾಸನೆಯ ಕರವಸ್ತ್ರ ತೆಗೆದು ಅವಳ ಕಡೆ ಚಾಚಿದ.

"ಎರಡು ಸಲ ಬಂದೀನ್ರಿ. ನಿಮ್ಮ ಮಾರಿ ನಾ ಇನ್ನಾ ನೋಡಿಲ್ಲ."

ವಿಶಾಖಾ ಕರವಸ್ತ್ರ ತೆಗೆದುಕೊಂಡು ಬಚ್ಚಲಿಗೆ ಹೋದಳು. ನಲ್ಲಿ ತಿರುವಿ, ಹಣೆ, ಕೆನ್ನೆ, ಕುತ್ತಿಗೆ ಎಲ್ಲವನ್ನೂ ಸಾಬೂನು ಹಚ್ಚಿ ತೊಳೆದಳು. ಅವ್ವ ಪೌಡರಿನ ಡಬ್ಬಿ ಹಿಡಿದು ಹಿಂದೆಯೇ ಬಂದಳು. ಅಜ್ಜಿ ಅವಳ ಕೈಯಿಂದ ಅದನ್ನು ಕಿತ್ತುಕೊಂಡು ತನ್ನ ಅಡಿಕೆ ಚೀಲದಲ್ಲಿ ಹಾಕಿಕೊಂಡಳು.

ವಿಶಾಖಾ ತೊಳೆದ ಮುಖದಲ್ಲೇ ಹೊರಗೆ ಬಂದು ನಿಂತಳು. ಅಶ್ವಜಿತ ನೋಡಿದ. ಅವಸರವಿಲ್ಲದೆ, ಪೂರ್ತಿಯಾಗಿ ನೋಡಿದ. ಸುಮನ ಟೀಚರೂ ನೋಡಿದರು.

"ಹುಡುಗಿ ಛಲೋ ಇದ್ದಾಳ" ಎಂದರು.

ವಿಶಾಖಾ ಅಭ್ಯಾಸಬಲದಿಂದ ಮುಂದಿನ ಮಾತಿಗಾಗಿ ಕಾದಳು. ಅಪ್ಪನೂ ಕಾದರು, ಅವ್ವನೂ ಕಾದಳು. ಟೀಚರು ತಟ್ಟೆಯಿಂದ ಒಂದು ಭಜಿ ಎತ್ತಿ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು ನುಂಗಿದರು. ಮಾತು ಅಲ್ಲಿಗೇ ಮುಗಿದಿತ್ತು.

"ಫೋನ್ ತಾ ತಂಗಿ" ಎಂದರು ಆಮೇಲೆ, ತಮ್ಮ ಪಕ್ಕದಲ್ಲಿ ಜಾಗ ಮಾಡುತ್ತಾ. "ಕೊನೀ ಅಧ್ಯಾಯ ಓದು. ಬರ್ಲಿಲ್ಲಂದ್ರ ಎಲ್ಲಾರೂ ಕೂಡೇ ಅಳೋಣು."