ಮುಚ್ಚಳದ ಮೇಲಿನ ಹೆಸರು

ನಾನು ಒಂದು ಸ್ಟೀಲ್ ಡಬ್ಬಿ. ಅಗಲ ಬಾಯಿ, ಗೇಣೆತ್ತರದ ಮೈ, ಜೋಳದ ರೊಟ್ಟಿ ಇಡಲೆಂದೇ ಮಾಡಿದವಳು. ಹುಬ್ಬಳ್ಳಿಯ ಯಾವುದೋ ಶೆಡ್ಡಿನಲ್ಲಿ ತಗಡನ್ನು ಅಚ್ಚಿಗೆ ಒತ್ತಿ ನನ್ನನ್ನು ತೆಗೆದರು. ಆದರೆ ಅದನ್ನು ಹುಟ್ಟು ಅನ್ನಲು ನನಗೆ ಮನಸ್ಸಿಲ್ಲ. ನಾನು ಹುಟ್ಟಿದ್ದು ಇಳಕಲ್ಲಿನ ಪಾತ್ರೆ ಅಂಗಡಿಯಲ್ಲಿ, ಹೆಸರು ಹಾಕುವವನ ಕೈಯಲ್ಲಿ. ಅವನು ಗರ್‌ಗುಟ್ಟುವ ಕರೆಂಟಿನ ಮೊಳೆಯಿಂದ ನನ್ನ ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ "ನೀಲವ್ವ" ಎಂದು ಕೊರೆದ. ಮುಚ್ಚಳದ ಒಳಮೈಯಲ್ಲಿ ಆ ಚುಕ್ಕೆಗಳು ಸಣ್ಣ ಮುಳ್ಳುಗಳಾಗಿ ಎದ್ದವು.

ನಮ್ಮ ಕಡೆ ಪಾತ್ರೆಗೆ ಹೆಸರು ಹಾಕಿಸದೆ ಮದುವೆಗೆ ಕೊಡುವುದಿಲ್ಲ. ಯಾರ ಮನೆಯ ಕಾರ್ಯಕ್ಕೆ ಕೊಟ್ಟರೂ ಹೆಸರು ನೋಡಿ ತಿರುಗಿ ತಂದುಕೊಡಬೇಕು. ಹೆಸರಿನ ಪಾತ್ರೆಯಲ್ಲಿ ಇಟ್ಟದ್ದು ಹೆಸರಿನವರದ್ದು ಎಂದು ಹಳೆಯ ಹೆಂಗಸರು ಹೇಳುತ್ತಿದ್ದರು. ನಾನು ಆ ಮಾತನ್ನು ಆಗ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ನೀಲವ್ವನ ಗಂಡ ವಿರೂಪಾಕ್ಷಪ್ಪ ಕಲ್ಲು ಕಡಿಯುವವನು. ಇಳಕಲ್ಲಿನ ಗ್ರಾನೈಟ್ ಹಿಡಿದು ಕಡಲು ದಾಟಿ ಟೆಕ್ಸಾಸಿನ ಹ್ಯೂಸ್ಟನ್ನಿಗೆ ಹೋದ, ಅಲ್ಲಿ ಮಂದಿಯ ಅಡಿಗೆಮನೆಗೆ ಕಟ್ಟೆ ಕೂರಿಸುವ ಕೆಲಸ ಹಿಡಿದ. ನಾನೂ ನೀಲವ್ವನ ಸೂಟ್‌ಕೇಸಿನಲ್ಲಿ ಶೇಂಗಾ ಚಟ್ನಿಯ ಪಕ್ಕ ಮಲಗಿ ಹೋದೆ. ಬಾಡಿಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಆಕೆ ದಿನಾ ಒಂದೇ ಮಾತು ಹೇಳುತ್ತಿದ್ದಳು. "ನಮ್ಮದಂತ ಒಂದು ಮನಿ ಆಗ್ಲಿ. ಅದರ ಅಡಗಿ ಕಟ್ಟಿ ನೀವ ಕಡೀಬೇಕ್ರಿ, ಕರೀ ಕಲ್ಲಾಗ."

ಮನೆ ಆಗುವ ಮೊದಲೇ ಆಕೆಗೆ ಹೊಟ್ಟೆಯಲ್ಲಿ ಗಡ್ಡೆ ಎದ್ದಿತು. ಅಲ್ಲಿಯೇ ಮಣ್ಣು ಮಾಡಿದರು. ಆಕೆ ಕೊನೆಗೆ ಬಡಿದಿಟ್ಟ ಕಡಕ್ ರೊಟ್ಟಿ ನನ್ನೊಳಗೇ ಉಳಿದವು. ವಿರೂಪಾಕ್ಷಪ್ಪ ನನ್ನನ್ನು ಮೇಲಿನ ಗೂಡಿನಲ್ಲಿಟ್ಟು ಮತ್ತೆ ಮುಟ್ಟಲಿಲ್ಲ. ಮುಚ್ಚಳ ಯಾರೂ ತೆಗೆಯಲಿಲ್ಲ, ಇರುವೆ ಹೊಗುವಷ್ಟು ಸಂದೂ ನನ್ನಲ್ಲಿಲ್ಲ. ಆದರೂ ನಾನು ದಿನದಿಂದ ದಿನಕ್ಕೆ ಹಗುರಾಗುತ್ತ ಹೋದೆ.

ಕೆಲವು ವರ್ಷ ಕಳೆದು ಶಾರವ್ವ ಬಂದಳು, ಎರಡನೆಯ ಹೆಂಡತಿಯಾಗಿ. ಗುಳೇದಗುಡ್ಡದ ನೇಕಾರರ ಮಗಳು, ಮಾತು ಕಡಿಮೆ, ಕೈ ಚುರುಕು. ನನ್ನನ್ನು ಇಳಿಸಿ ಮುಚ್ಚಳ ತೆಗೆದು, "ಖಾಲಿ ಐತ್ರಿ" ಎಂದಳು.

ವಿರೂಪಾಕ್ಷಪ್ಪ ಬಂದು ಬಗ್ಗಿ ನೋಡಿದ. ರೊಟ್ಟಿಯ ಒಂದು ಚೂರೂ ಇರಲಿಲ್ಲ. ಅವನ ಮುಖದಲ್ಲಿ ರಕ್ತವಿಲ್ಲದ್ದನ್ನು ನಾನು ಕೆಳಗಿನಿಂದ ಕಂಡೆ. ಶಾರವ್ವ ಅದನ್ನು ಬೇರೆಯಾಗಿ ಅರ್ಥ ಮಾಡಿಕೊಂಡಳು: ಈ ಮನುಷ್ಯನಿಗೆ ತಾನು ಅಕ್ಕನ ಡಬ್ಬಿ ಮುಟ್ಟಿದ್ದು ಸೇರಲಿಲ್ಲ, ಈ ಮನೆ ಇನ್ನೂ ಅಕ್ಕನದೇ. ತಾನು ಕಾಣದ ಆ ಮೊದಲನೆಯವಳನ್ನು ಆಕೆ ಅಕ್ಕ ಎಂದೇ ಕರೆಯುತ್ತಿದ್ದಳು. ಗಂಡ ತನ್ನನ್ನು ನಂಬಬೇಕು, ಈ ಮನೆ ತನ್ನದೂ ಆಗಬೇಕು ಎಂಬುದೊಂದೇ ಆಕೆಯ ಆಸೆ.

ಮುಂದಿನ ವರ್ಷ ವಿರೂಪಾಕ್ಷಪ್ಪ ಜಾಗ ತೆಗೆದುಕೊಂಡು ತಾನೇ ನಿಂತು ಮನೆ ಕಟ್ಟಿಸಲು ಹೊರಟ. ಮರ, ತಂತಿ, ಟೈಲ್ಸು, ನಲ್ಲಿ ಎಲ್ಲ ತಾನೇ ಖರೀದಿ. ಅಂಗಡಿ ತಿರುಗುವ ಕೆಲಸ ಶಾರವ್ವನದು. ಮೊದಲ ದಿನವೇ ಅವನು ಆಕೆಯನ್ನು ಕೂರಿಸಿಕೊಂಡು ಹೇಳಿದ. "ಈ ರಾಜ್ಯದಾಗ ಆದಾಯದ ಮ್ಯಾಲೆ ರಾಜ್ಯದ ತೆರಿಗಿ ಇಲ್ಲ. ಅದಕ್ಕ ನಾವು ಅಂಗಡ್ಯಾಗ ಕೊಟ್ಟ ಸೇಲ್ಸ್ ಟ್ಯಾಕ್ಸ್, ರಾಜ್ಯದ್ದೂ ಊರಿಂದೂ, ಕೇಂದ್ರ ಸರ್ಕಾರದ ರಿಟರ್ನಿನಾಗ ಕಳದು ತೋರಿಸಬಹುದು. ಆದ್ರ ಬಿಲ್ಲಿನ ಚೀಟಿ ಬೇಕು. ಒಂದೂ ಒಗೀಬ್ಯಾಡ. ಇದು ನಿನ್ನ ಜವಾಬ್ದಾರಿ."

ಆ ದೇಶಕ್ಕೆ ಬಂದ ಮೇಲೆ ಯಾರೂ ಆಕೆಗೆ ಜವಾಬ್ದಾರಿ ಅಂತ ಒಂದನ್ನು ಒಪ್ಪಿಸಿರಲಿಲ್ಲ. ಆಕೆ ಹಿಗ್ಗಿದಳು. ಮನೆಯಲ್ಲಿದ್ದ ಅತಿ ಗಟ್ಟಿ ಮುಚ್ಚಳ ನನ್ನದು, ಹಾಗಾಗಿ ಚೀಟಿಗಳಿಗೆ ನಾನೇ ಮನೆಯಾದೆ. ಗುಳೇದಗುಡ್ಡದ ತವರಿನಲ್ಲಿ ಖಣದ ಬಟ್ಟೆಯ ಮಡಿಕೆಗಳ ನಡುವೆ ಕರ್ಪೂರ ಇಡುತ್ತಿದ್ದರು, ನುಸಿ ಬರಬಾರದೆಂದು. ಶಾರವ್ವನೂ ನನ್ನ ತಳಕ್ಕೆ ಕರ್ಪೂರದ ಬಿಲ್ಲೆಗಳನ್ನು ಹರಡಿದಳು. ದಿನಾ ಸಂಜೆ ಹೊಸ ಚೀಟಿ ನೀವಿ ಇಟ್ಟು, ಅಂಗೈಯಿಂದ ಮುಚ್ಚಳ ಒತ್ತುತ್ತಿದ್ದಳು.

ಮುಚ್ಚಿದ ಮೇಲೆ ಒಳಗೆ ನಡೆದದ್ದು ನನಗೊಬ್ಬಳಿಗೇ ಗೊತ್ತು. ಮೊದಲು ಸಾಮಾನಿನ ಹೆಸರು ಹೋಯಿತು, ಆಮೇಲೆ ಬೆಲೆ, ಕೊನೆಗೆ ತೆರಿಗೆಯ ಸಾಲು. ಬೆರಳಿನ ತುದಿಯಿಂದ ಯಾರೋ ಹಿಟ್ಟು ಒರೆಸಿ ತೆಗೆದಷ್ಟು ಮೆಲ್ಲಗೆ. ಆಮೇಲೆ ಅದೇ ಬೆರಳು ಬರಿ ಕಾಗದದ ಮೇಲೆ ಚುಕ್ಕೆ ಇಡುತ್ತಿತ್ತು. ಕರ್ಪೂರದ ವಾಸನೆಯ ಕೆಳಗೆ ನನಗೆ ಜೋಳದ ಹಿಟ್ಟಿನ ವಾಸನೆ ಬರುತ್ತಿತ್ತು. ನನಗೆ ಹೆದರಿಕೆಯಾಯಿತು, ಆದರೆ ಡಬ್ಬಿ ಕೂಗಿಕೊಳ್ಳುವುದುಂಟೆ?

ಮನೆ ಎದ್ದು ನಿಂತಿತು. ಅಡಿಗೆ ಕಟ್ಟೆಗೆ ಕರಿ ಕಲ್ಲು ಬಂತು. ಮಾರ್ಚಿನಲ್ಲಿ ತೆರಿಗೆ ಲೆಕ್ಕ ಮಾಡುವ ವಸುಂಧರಾ ಗಲಗಲಿ ಮನೆಗೇ ಬಂದರು. ವಿಜಾಪುರದ ಕಡೆಯವರು, ಊರಿನ ಕನ್ನಡಿಗರ ರಿಟರ್ನೆಲ್ಲ ಅವರದೇ ಕೈಯಲ್ಲಿ. ಶಾರವ್ವ ಹೊಸ ಸೀರೆ ಉಟ್ಟು ನನ್ನನ್ನು ಆ ಕರಿ ಕಲ್ಲಿನ ಮೇಲೆ ತಂದಿಟ್ಟಳು.

ವಸುಂಧರಾ ಮುಚ್ಚಳ ತೆಗೆದು ಮೇಲಿನ ಚೀಟಿ ಎತ್ತಿದರು. ಬಿಳಿ. ಇನ್ನೊಂದು. ಅದೂ ಬಿಳಿ. ಕನ್ನಡಕ ಏರಿಸಿ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದವರು ಹಾಗೆಯೇ ನಿಂತರು. ಅಂಗಡಿಯ ಹೆಸರಿಲ್ಲ, ಮೊತ್ತವಿಲ್ಲ. ನಟ್ಟನಡುವೆ ಬೂದು ಚುಕ್ಕೆಗಳಲ್ಲಿ ಒಂದೇ ಪದವಿತ್ತು: ನೀಲವ್ವ. ಅದರ ಕೆಳಗಿನ ಚೀಟಿಯಲ್ಲೂ ಅದೇ. ಎಲ್ಲದರಲ್ಲೂ ಅದೇ.

"ನಾ ಏನೂ ಮಾಡಿಲ್ರಿ" ಎಂದಳು ಶಾರವ್ವ. "ಒಂದೂ ಒಗದಿಲ್ರಿ ನಾ. ಅಕ್ಕ ತಿಂದಾಳ್ರಿ."

ವಿರೂಪಾಕ್ಷಪ್ಪ ಕರಿ ಕಲ್ಲಿನ ಅಂಚು ಹಿಡಿದುಕೊಂಡು ಕುಳಿತುಬಿಟ್ಟ.

ವಸುಂಧರಾ ನನ್ನೊಳಗೆ ಮೂಗಿಟ್ಟು ನೋಡಿದರು. "ಕರ್ಪೂರ ಇಟ್ಟೀರೇನು? ಅದಕ್ಕ ಹಿಂಗ ಆಗ್ಯದ. ಈ ಕಾಗದದಾಗ ಶಾಯಿ ಇರಂಗಿಲ್ಲ, ಕಾವಿನ ಮ್ಯಾಲೆ ಮೂಡಿದ ಅಕ್ಷರ. ಕರ್ಪೂರದ ಹಬಿಗೆ ಅಳಿಸಿಹೋಗ್ತದ. ಹೆಸರು ನೀವು ಮುಚ್ಚಳ ಒತ್ತಿದ್ದಕ್ಕ ಮೂಡೇದ, ಈ ಕಾಗದ ಉಗುರು ಗೀರಿದ್ರೂ ಕರಿ ಆಗ್ತದ. ಗಾಬರಿ ಆಗಬ್ಯಾಡ್ರಿ. ಸರ್ಕಾರದ್ದೇ ಒಂದು ಕೋಷ್ಟಕ ಅದ, ಇಂತಿಷ್ಟು ಆದಾಯಕ್ಕ ಇಷ್ಟು ಅಂತ, ಚೀಟಿ ಇಲ್ಲದವರು ಅದರ ಪ್ರಕಾರ ಕಳೀಬಹುದು. ಮನಿ ಕಟ್ಟಿದ ಸಾಮಾನಿನ ತೆರಿಗಿ ಅದರ ಮ್ಯಾಲೆ ಕೂಡಸೋಣ, ಅಂಗಡ್ಯಾಗ ನಕಲು ಸಿಗ್ತಾವ."

ದುಡ್ಡಿನ ತಾಪತ್ರಯ ಅಲ್ಲಿಗೆ ಮುಗಿಯಿತು. ಆದರೆ ಮಾತಾಡುತ್ತಲೇ ಅವರು ನನ್ನ ತಳದವರೆಗೆ ಚೀಟಿ ತೆಗೆದಿದ್ದರು. ಕಟ್ಟಕಡೆಯ ಚೀಟಿ, ಮೊದಲ ದಿನದ್ದು, ಡಬ್ಬಿ ಬರಿದಿದ್ದಾಗ ಇಟ್ಟದ್ದು. ಮುಚ್ಚಳಕ್ಕೂ ಅದಕ್ಕೂ ಗೇಣು ಅಂತರವಿತ್ತು, ಯಾರು ಎಷ್ಟು ಒತ್ತಿದರೂ ಮುಟ್ಟುವಂತಿರಲಿಲ್ಲ. ಅದರ ಮೇಲೆ ಹೆಸರು ಎಲ್ಲಕ್ಕಿಂತ ಕಪ್ಪಾಗಿತ್ತು. ವಸುಂಧರಾ ಅದನ್ನು ನೋಡಿ, ಮಡಚಿ ಒಳಗಿಟ್ಟರು.

ಅವರು ಹೋದ ಮೇಲೆ ವಿರೂಪಾಕ್ಷಪ್ಪ ಕಲ್ಲು ಉಜ್ಜುವ ಯಂತ್ರ ತಂದ. "ಈ ಹೆಸರು ಕಿತ್ತು ಹಾಕ್ತೀನಿ. ನೀ ಅಂಜಿಕೊಂಡು ಈ ಮನ್ಯಾಗ ಇರಬಾರ್ದು. ತಪ್ಪು ನಿಂದಲ್ಲ, ನಾ ನಿನ್ನ ನಂಬೀನಿ" ಎಂದ. ಇಷ್ಟು ಮಾತನ್ನು ಒಟ್ಟಿಗೆ ಅವನು ಆಕೆಗೆ ಹೇಳಿದ್ದು ಅದೇ ಮೊದಲು. ಯಂತ್ರ ನನ್ನ ಮುಚ್ಚಳದ ಹತ್ತಿರ ಬಂದು ಗುಂಯ್‌ಗುಟ್ಟಿತು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಶಾರವ್ವ ನನ್ನನ್ನು ಸೆಳೆದು ಮಡಿಲಿಗೆ ಹಾಕಿಕೊಂಡಳು. "ಅಳಸಬ್ಯಾಡ್ರಿ. ಈ ಮನಿ ಆಕೀನೂ ಬೇಡ್ಯಾಳ. ಅಳಿಸಿದ್ರ ಆಕಿ ಎಲ್ಲಿಗಿ ಹೋಗ್ಬೇಕು? ಕೆಳಗ ನಂದೂ ಹಾಕ್ರಿ, ಸಾಕು."

ಅವನು ಯಂತ್ರ ಬದಿಗಿಟ್ಟು, ಕೊರೆಯುವ ಮೊಳೆ ಹಿಡಿದು ನೀಲವ್ವನ ಹೆಸರಿನ ಕೆಳಗೆ "ಶಾರವ್ವ" ಎಂದು ಕೊರೆದ. ಕಲ್ಲಿಗೆ ಪಳಗಿದ ಕೈ, ಚುಕ್ಕೆಗಳು ಇನ್ನೂ ಆಳವಾಗಿ ಇಳಿದವು.

ಆಮೇಲಿನ ವರ್ಷಗಳಲ್ಲಿ ವಸುಂಧರಾ ಎಷ್ಟು ಸಲ ಕೋಷ್ಟಕವೇ ಸಾಕೆಂದರೂ ಶಾರವ್ವ ಚೀಟಿ ಇಡುವುದನ್ನು ಬಿಡಲಿಲ್ಲ. ಕರ್ಪೂರ ಮಾತ್ರ ಬಿಟ್ಟಳು. ಅಂಕಿಗಳು ಉಳಿದವು. ಅವುಗಳ ಮೇಲೆ ನೀಲವ್ವನ ಹೆಸರೂ ವರ್ಷಾ ವರ್ಷಾ ಮೂಡುತ್ತಲೇ ಇತ್ತು. ಶಾರವ್ವನದು ಒಮ್ಮೆಯೂ ಮೂಡಲಿಲ್ಲ. ಆಕೆ ಈಗ ಅಂಜುತ್ತಿರಲಿಲ್ಲ. ಸಂಜೆ ಮುಚ್ಚಳ ಒತ್ತುವಾಗ, "ಅಕ್ಕಾ, ಒಂಚೂರು ಸರದು ಕೂಡವಾ, ನನಗೂ ಜಾಗ ಬೇಕು" ಎಂದು ಛೇಡಿಸುತ್ತಿದ್ದಳು. ಆ ಇಬ್ಬರ ನಡುವೆ ಬೆಳೆದ ಸಲಿಗೆ ನೋಡಿ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು.

ಎಲ್ಲರ ತಲೆ ನರೆತ ಮೇಲಿನ ಒಂದು ಮಾರ್ಚ್. ವಸುಂಧರಾ ಚಹಾ ಕುಡಿಯುತ್ತ ರೂಢಿಯಂತೆ ನನ್ನನ್ನು ತೆರೆದು, ತಟ್ಟನೆ ಮುಚ್ಚಿಬಿಟ್ಟರು.

"ತೋರಸ್ರಿ" ಎಂದಳು ಶಾರವ್ವ.

ಮೇಲಿನ ಚೀಟಿಯಲ್ಲಿ ಎರಡು ಹೆಸರಿದ್ದವು. ಶಾರವ್ವ ಅದನ್ನು ಬಹಳ ಹೊತ್ತು ನೋಡಿದಳು. "ಬಂತಲ್ರಿ ನಂದೂ" ಎಂದು ನಕ್ಕಳು, ಸೆರಗಿನಿಂದ ನನ್ನ ಮುಚ್ಚಳ ಒರೆಸಿದಳು. ಯುಗಾದಿ ಇನ್ನೂ ಬಂದಿರಲಿಲ್ಲ. ಕರಿ ಕಟ್ಟೆಯ ಮುಂದೆ ರೊಟ್ಟಿ ಬಡಿಯುತ್ತ ನಿಂತವಳು ಹಾಗೆಯೇ ಕುಸಿದಳು. ಎರಡನೆಯ ಸಲವೂ ವಿರೂಪಾಕ್ಷಪ್ಪನೇ ಉಳಿದ.

ಮರುವರ್ಷ ವಸುಂಧರಾ ಅವನಿಗೆ ಮೆಲ್ಲಗೆ ಹೇಳಿದರು, ಹೆಂಡತಿ ತೀರಿದ ವರ್ಷದ ರಿಟರ್ನನ್ನು ಇಬ್ಬರ ಹೆಸರಿನಲ್ಲೇ ಜೋಡಿಯಾಗಿ ಸಲ್ಲಿಸಬಹುದು, ಅದರ ಮುಂದಿನದರಿಂದ ಒಬ್ಬರದೇ ಎಂದು. ಅವನು ತಲೆಯಾಡಿಸಿದ. ಅಂದೇ ಕೊರೆಯುವ ಮೊಳೆ ಹುಡುಕಿ ತೆಗೆದು, ಎರಡು ಹೆಸರುಗಳ ಕೆಳಗೆ ತನ್ನದನ್ನೂ ಬರೆದ.

ಈಗ ನನಗೂ ವಯಸ್ಸಾಗಿದೆ. ಅಂಚು ಸೊಟ್ಟಗಾಗಿದೆ, ಮುಚ್ಚಳ ಸಡಿಲಾಗಿದೆ. ಕರಿ ಕಟ್ಟೆಯ ಮೂಲೆಯಲ್ಲಿ ನನ್ನ ಜಾಗ. ಹೆಸರಿನ ಪಾತ್ರೆ ಹೆಸರಿನವರ ಮನೆಗೆ ತಿರುಗಿ ಹೋಗಬೇಕು ಅನ್ನುತ್ತಿದ್ದರು. ನನ್ನ ವಿಷಯದಲ್ಲಿ ಹೆಸರಿನವರೇ ತಿರುಗಿ ಬಂದರು. ವಿರೂಪಾಕ್ಷಪ್ಪ ಹಾಲು ತರಲಿ, ಬಾಳೆಹಣ್ಣು ತರಲಿ, ಸಾಬೂನು ತರಲಿ, ಚೀಟಿ ನೀವಿ ನನ್ನೊಳಗಿಟ್ಟು ಮುಚ್ಚಳ ಒತ್ತುತ್ತಾನೆ. ಸ್ವಲ್ಪ ಹೊತ್ತು ಕಾಯುತ್ತಾನೆ. ಮತ್ತೆ ತೆರೆದು ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾನೆ. ಹೆಂಡಂದಿರ ಹೆಸರು ಎರಡೂ ಇರುತ್ತವೆ, ಹತ್ತಿರ ಹತ್ತಿರ. ಅವುಗಳ ಕೆಳಗೆ ಒಂದು ಹೆಸರಿಗಾಗುವಷ್ಟು ಬಿಳಿ ಜಾಗ ಬಿಟ್ಟಿರುತ್ತದೆ.

"ಇವತ್ತೂ ಇಲ್ಲೇನ್ರವಾ" ಎಂದು ಅವನು ಮುಚ್ಚಳ ಹಾಕುತ್ತಾನೆ.